ರೊಟ್ಟಿಯ ಕೆಳಗಿನ ಒಣಹಿಟ್ಟು

ಅವರ ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಸಿಂದಗಿ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಮಗೆಲ್ಲ ಅವರು ರೊಟ್ಟಿ ಅಕ್ಕ. ಬೆಳಿಗ್ಗೆ ದೇವಣಗಾಂವದಿಂದ ಬಸ್ಸಿಗೆ ಬಂದು, ಒಲೆಗೆ ಕೈಮುಗಿದು, ಸೆರಗು ಸೊಂಟಕ್ಕೆ ಸಿಗಿಸಿ ಕೂತರೆ ಮೂರು ಗಂಟೆಯವರೆಗೆ ಏಳುತ್ತಿರಲಿಲ್ಲ. ನಾನು ಎರಡೇ ರೊಟ್ಟಿ ಸಾಕೆಂದರೆ ಒಲೆಯ ಹತ್ತಿರದಿಂದಲೇ, "ಇನ್ನೊಂದ ತಗೋಳೋ ಯಪ್ಪಾ, ಗಾಳಿ ಬಿಟ್ರ ಹಾರಿ ಹೊಕ್ಕಿ!" ಎಂದು ಕೂಗುತ್ತಿದ್ದರು.

ಆ ಖಾನಾವಳಿಗೆ ಬಿಲ್ಲಿನ ಯಂತ್ರ ಕೂಡಿಸಿದವನು ನಾನೇ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೋಟೆಲುಗಳ ಜೊತೆಗೂ ಮಾತು ನಡೆದಿತ್ತು. ಒಂದೊಂದು ಅಡುಗೆಗೆ ಯಾವ ಸಾಮಾನು ಎಷ್ಟು ಬೇಕೆಂದು ಯಂತ್ರದಲ್ಲಿ ಬರೆದಿಟ್ಟರೆ ಸಾಕು. ರೊಟ್ಟಿಯ ಬಿಲ್ಲು ಹರಿದ ಕೂಡಲೇ ಅಷ್ಟು ಹಿಟ್ಟು ದಾಸ್ತಾನಿನಿಂದ ತಾನೇ ಕಳೆಯುತ್ತದೆ. ಸಂಜೆ ಡಬ್ಬಿಯ ಹಿಟ್ಟು ತೂಗಿ ತಾಳೆ ನೋಡುವುದು. ಅಕ್ಕ ಹಿಟ್ಟು ನಾದುವಾಗ ತಕ್ಕಡಿ ಹಿಡಿದು ಪಕ್ಕದಲ್ಲಿ ಕೂತೆ. ನಾದಿದ ಹಿಟ್ಟೆಷ್ಟು, ಅದರಿಂದ ರೊಟ್ಟಿ ಎಷ್ಟು ಎಂದು ಭಾಗಿಸಿ ಬರೆದೆ. "ನನ್ನ ಕೈ ತೂಗಾಕ ಬಂದಿ ಏನಪಾ?" ಎಂದು ಅಕ್ಕ ನಕ್ಕರು.

ಮೊದಲ ಸಂಜೆಯೇ ಹಿಟ್ಟು ಕಡಿಮೆ ಬಂತು. ಮರುದಿನವೂ. ಅದರ ಮರುದಿನವೂ. ಮಾಲೀಕರು ಅಕ್ಕನ ಕೈಚೀಲದ ಕಡೆ ನೋಡತೊಡಗಿದರು. "ಯಂತ್ರಕ್ಕ ಯಾರ ಮ್ಯಾಲೂ ಸಿಟ್ಟಿರೂದಿಲ್ಲ, ಹೌದಲ್ರಿ?" ಎಂದು ನನ್ನನ್ನು ಕೇಳಿದರು. "ಹೌದ್ರಿ" ಎಂದೆ.

ಭಾನುವಾರ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹಲಗೆಗೆ ಅಂಟಬಾರದೆಂದು ಒಂದೊಂದು ರೊಟ್ಟಿಯ ಕೆಳಗೂ ಒಣಹಿಟ್ಟು ಹರವುತ್ತಿದ್ದಳು. ಆ ಹಿಟ್ಟನ್ನು ನಾನು ಬರೆದೇ ಇರಲಿಲ್ಲ! ಹುಟ್ಟಿದಾಗಿನಿಂದ ರೊಟ್ಟಿ ತಿಂದ ಗಂಡಸು, ಬಡಿಯುವುದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಥೂ, ನನ್ನ ಜಾಣತನಕ್ಕಿಷ್ಟು!

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಯಂತ್ರ ತಪ್ಪಿತೆಂದು ಸುದ್ದಿಯಾದರೆ ಇಂಡಿಯವರು, ಬಾಗೇವಾಡಿಯವರು ಕೈಬಿಡುತ್ತಾರೆಂದು ಹೆದರಿದೆ. ಅವರ ಮಾತು ಪಕ್ಕಾ ಆಗಲಿ, ಆಮೇಲೆ ಸದ್ದಿಲ್ಲದೆ ಸರಿಮಾಡಿದರಾಯಿತು ಎಂದುಕೊಂಡೆ.

ಮಂಗಳವಾರ ಮಾಲೀಕರು ಊಟಕ್ಕೆ ಕೂತವರೆಲ್ಲರ ಎದುರು ಅಕ್ಕನ ಕೈಚೀಲ ಸುರುವಿದರು. ಬಾಚಣಿಗೆ, ಎಲೆ ಅಡಿಕೆ, ಬಿಪಿ ಗುಳಿಗೆಗಳು ಬಿದ್ದವು. ನಾನು ಅಲ್ಲೇ ಕೂತಿದ್ದೆ, ಅನ್ನ ಕಲಸುತ್ತಿದ್ದೆ. ಅಕ್ಕ ಒಂದೊಂದಾಗಿ ಆರಿಸಿಕೊಂಡು, "ಯಂತ್ರ ಹೇಳಿದ್ರ ಖರೇನ ಇರಬೇಕ್ರಿ. ನಾ ಏನ್ ಸಾಲಿ ಕಲ್ತಾಕಿ ಅಲ್ಲ" ಎಂದು ಎದ್ದು ಹೋದರು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಮರುದಿನ ಒಣಹಿಟ್ಟನ್ನು ಸೇರಿಸಿ ಯಂತ್ರ ಸರಿಮಾಡಿದೆ. ಸಂಜೆ ಹಿಟ್ಟು ಸರಿಯಾಗಿ ತಾಳೆಯಾಯಿತು. ಮಾಲೀಕರು ಗಿರಾಕಿಗಳಿಗೆಲ್ಲ ಕೇಳುವಂತೆ, "ನೋಡ್ರಿ, ಆಕಿ ಹೋದ ಕೂಡ್ಲೇ ಸರಿ ಆತು" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಎರಡು ತಿಂಗಳಿಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ದೇವಣಗಾಂವಕ್ಕೆ ಹೋದೆ. ಅವರ ಮಗಳ ಎದುರು ಕೂತು, ತಪ್ಪು ಯಂತ್ರದ್ದಲ್ಲ, ಅಕ್ಕನದ್ದಲ್ಲ, ಒಣಹಿಟ್ಟು ಬರೆಯದೆ ಬಿಟ್ಟ ನನ್ನದು ಎಂದು ಹೇಳಿದೆ. ಆಕೆ ಬಹಳ ಹೊತ್ತು ಅತ್ತಳು.

"ಅವ್ವ ಕಡೀತನಾ ಒಂದ ಕೇಳತಿದ್ಲರಿ, ಆ ಹಿಟ್ಟು ಎಲ್ಲಿ ಹೋತು ಅಂತ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ನಿಮಗ ಇದು ಯಾವಾಗ ಗೊತ್ತಾತ್ರಿ?"

"ನಿನ್ನೆ" ಎಂದೆ.