ಮಳೆ ಹೇಳುವ ಮೇಷ್ಟ್ರು

ಆಕಾಶ ನೋಡಿ ಮಾತಾಡುವ ಚಟ ನನಗೆ ನಸ್ಯದ ಚಟಕ್ಕಿಂತ ಮುಂಚೆಯೇ ಅಂಟಿಕೊಂಡದ್ದು. ನಸ್ಯವನ್ನಾದರೂ ಡಬ್ಬಿಯಲ್ಲಿಟ್ಟು ಮುಚ್ಚಬಹುದು, ಬಾಯಿ ಮುಚ್ಚುವುದು ಕಷ್ಟ. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಲ್ಲಿ ನಿಂತು, ಪೂರ್ವಕ್ಕೊಮ್ಮೆ ಪಶ್ಚಿಮಕ್ಕೊಮ್ಮೆ ಕತ್ತೆತ್ತಿ ನೋಡಿ, ಇವತ್ತು ಮಳೆ ಇದೆ ಎಂದೋ ಇಲ್ಲ ಎಂದೋ ತೀರ್ಪು ಕೊಡದಿದ್ದರೆ ನನಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೇಳುವವರು ಯಾರೂ ಇಲ್ಲದಿದ್ದರೆ ಸೀಬೆಮರಕ್ಕೆ ಹೇಳುತ್ತಿದ್ದೆ. ನನ್ನ ಹೆಂಡತಿ ಜಾನಕಿ ಮದುವೆಯಾದ ಹೊಸತರಲ್ಲಿ ಈ ಮಾತನ್ನು ನಂಬಿ, ಒಗೆದ ಸೀರೆಗಳನ್ನು ಹೊರಗೆ ಹರವಿ ಎರಡು ಸಲ ನೆನೆಸಿದಳು. ಮೂರನೆಯ ಸಲದಿಂದ ನನ್ನ ತೀರ್ಪಿಗೆ ಹೂಂಗುಟ್ಟುವುದನ್ನೂ ಬಿಟ್ಟಳು.

ಬೀದಿಯವರು ಅಷ್ಟು ಬೇಗ ಬಿಡಲಿಲ್ಲ. ಐವತ್ತರ ದಶಕದ ಕೊನೆಯ ವರ್ಷಗಳು. ಶಿಡ್ಲಘಟ್ಟದಲ್ಲಿ ನಾನು ಭೂಗೋಳದ ಮೇಷ್ಟ್ರು. ಗೋಡೆಗೆ ಭೂಪಟ ನೇತುಹಾಕಿ, ಕೋಲಿನ ತುದಿಯಲ್ಲಿ ಮುಂಗಾರು ಮಾರುತವನ್ನು ಅರಬ್ಬೀ ಸಮುದ್ರದಿಂದ ನಮ್ಮೂರ ಕೆರೆಯವರೆಗೂ ಅಟ್ಟಿಕೊಂಡು ಬರುವವನಿಗೆ ನಾಳೆಯ ಮಳೆ ತಿಳಿಯದೆ ಇರುತ್ತದೆಯೇ ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ, ತೊಂದರೆ ಇದ್ದದ್ದೇ ಅಲ್ಲಿ.

ಹಾಗೆ ನಂಬಿದವರಲ್ಲಿ ಮೊದಲಿಗರು ನಮ್ಮ ಮನೆಯ ಒಡತಿ ಮುನಿವೆಂಕಟಮ್ಮ. ಮನೆಯ ಅರ್ಧ ನಮಗೆ ಬಾಡಿಗೆಗೆ ಕೊಟ್ಟು, ಇನ್ನರ್ಧದಲ್ಲಿ ಅವರೂ ಅವರ ರೇಷ್ಮೆ ಹುಳುಗಳೂ ಇದ್ದರು. ದಿಬ್ಬೂರಹಳ್ಳಿ ದಾರಿಯಲ್ಲಿ ಅವರದೊಂದು ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಮೈದುನನದೊಂದು. ಹಿಂದಿನ ವರ್ಷ ಗಂಡ ತೀರಿಕೊಂಡಿದ್ದರು. ಆಮೇಲೆ ಮೈದುನ ಪಿಳ್ಳಪ್ಪ ಬಂದು ಜಗಲಿಯ ಮೇಲೆ ಕೂತು, "ಒಬ್ಬಳೇ ಹೆಂಗಸು ಹುಳ ಸಾಕೋಕಾಗ್ತದಾ ಅತ್ತಿಗೆ? ತೋಟ ನಾನು ನೋಡ್ಕೊಂತೀನಿ. ನೀನು ಮಂಡಿಕಲ್ಲಿಗೆ ನಿಮ್ಮ ತಮ್ಮನ ಮನೆಗೆ ಹೋಗಿ ಆರಾಮಾಗಿರು" ಎಂದಿದ್ದ. ಕೆಟ್ಟ ಮನುಷ್ಯನೇನಲ್ಲ. ಆದರೆ ಇನ್ನೊಬ್ಬರ ಆರಾಮಿನ ಬಗ್ಗೆ ಅಷ್ಟು ಕಾಳಜಿ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಮುನಿವೆಂಕಟಮ್ಮ ಜಗಳವಾಡಲಿಲ್ಲ. "ಒಂದು ಬೆಳೆ ನಾನೇ ತೆಗೀತೀನಿ. ಕೆಟ್ಟೋಯ್ತು ಅಂದ್ರೆ ನೀನು ಹೇಳ್ದಂಗೆ ಮಂಡಿಕಲ್ಲಿಗೆ ಹೋಗ್ತೀನಿ" ಎಂದರು. ಆ ಒಂದು ಬೆಳೆಯೇ ಆ ವರ್ಷದ ಬೇಸಿಗೆಯ ಬೆಳೆ. ಹುಳು ಗೂಡು ಕಟ್ಟುವ ವಾರಕ್ಕೂ ನಾನು ಹೇಳಹೊರಟಿರುವ ಗುಡುಗಿನ ವಾರಕ್ಕೂ ಸರಿಯಾಗಿ ಗಂಟುಬಿತ್ತು.

ರೇಷ್ಮೆ ಹುಳುವಿನಷ್ಟು ನಾಜೂಕಿನ ಅತಿಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನೆನೆದ ಸೊಪ್ಪು ತಿಂದರೆ ಕಾಯಿಲೆ. ಬಿಸಿಲು ಆಗದು, ಹನಿ ಆಗದು, ಮುಚ್ಚಿದ ಕೋಣೆಯ ಧಗೆಯಂತೂ ಆಗಲೇ ಆಗದು. ತಿಂದು ಬಲಿತು ಹಣ್ಣಾದ ಹುಳುಗಳನ್ನು ಚಂದ್ರಿಕೆಯ ಮೇಲೆ ಬಿಡುತ್ತಾರೆ. ಆಳೆತ್ತರದ ಬಿದಿರು ಚಾಪೆ, ಅದರ ಮೇಲೆ ಸುತ್ತುಸುತ್ತಾಗಿ ಹೆಣೆದ ಬಿದಿರ ಪಟ್ಟಿ. ಆ ಸುತ್ತುಗಳ ನಡುವೆ ಹುಳು ಕೂತು ಗೂಡು ಕಟ್ಟಬೇಕು. ಗಾಳಿ ಆಡಲೆಂದು ಚಂದ್ರಿಕೆಗಳನ್ನು ಬೀದಿಯ ನೆರಳಿನಲ್ಲಿ ಗೋಡೆಗೆ ಒರಗಿಸುತ್ತಾರೆ. ನಮ್ಮೂರಿನಲ್ಲಿ ಹೊಸಬರು ಬೀದಿಗೆ ಕಾಲಿಟ್ಟರೆ ಮನೆಗಳಿಗಿಂತ ಮೊದಲು ಇವೇ ಕಣ್ಣಿಗೆ ಬೀಳುತ್ತಿದ್ದವು. ಮಳೆ ಬಂತೆಂದರೆ ಯಾರ ಚಂದ್ರಿಕೆ, ಯಾರ ಮನೆ ಎಂದು ಯಾರೂ ಕೇಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹತ್ತಿರದ ಬಾಗಿಲಿಗೆ ನುಗ್ಗುವುದೇ ಪದ್ಧತಿ.

ಸೋಮವಾರ ಬೆಳಿಗ್ಗೆ ಮುನಿವೆಂಕಟಮ್ಮ ಕೇಳಿದರು: "ಸಾಮಿ, ಇವತ್ತು ಮಳೆ ಬರ್ತದಾ? ಸೊಪ್ಪು ಈಗಲೇ ಕೊಯ್ಯಿಸ್ಲಾ, ಮಧ್ಯಾಹ್ನ ಕೊಯ್ಯಿಸ್ಲಾ?"

ನಾನು ಪೂರ್ವಕ್ಕೆ ನೋಡಿದೆ. ನಿಚ್ಚಳವಾಗಿತ್ತು. "ಇವತ್ತಿಲ್ಲಮ್ಮ, ನಿಧಾನವಾಗಿ ಕೊಯ್ಯಿಸಿ" ಎಂದೆ. ಮಧ್ಯಾಹ್ನ ಮೂರಕ್ಕೆ ಚಿಂತಾಮಣಿ ಕಡೆಯಿಂದ ಕಪ್ಪು ಮೋಡ ಎದ್ದಿತು. ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ಬೆರಳು ಗಾತ್ರದ ಹನಿ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಮತ್ತೆ ಬಿಸಿಲು ಬಂದಾಗ, ಹುಳುಗಳ ಕೊನೆಯ ಊಟದ ಸೊಪ್ಪು ಪೂರ್ತಿ ನೆನೆದಿತ್ತು. ಅದನ್ನು ನಮ್ಮ ನಡುಮನೆಯಲ್ಲಿ ಹರಡಿ, ಜಾನಕಿ ತನ್ನ ಹಳೆಯ ಸೀರೆಯಿಂದ ಒಂದೊಂದೇ ಎಲೆ ಒರೆಸಿದಳು. ಒರೆಸುತ್ತ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಪಂಚಾಂಗವನ್ನಾದರೂ ನೋಡೋಣವೆಂದು ತೆಗೆದೆ. ಭರಣಿ ಮಳೆ ಕಳೆದು ಕೃತ್ತಿಕೆ ಹುಟ್ಟಿತ್ತು. ನಮ್ಮ ಹಿರಿಯರು ಮಳೆಗೆ ನಕ್ಷತ್ರದ ಹೆಸರಿಟ್ಟು, ಅದನ್ನು ಕೊಳಗದಲ್ಲಿ ಅಳೆದು, ಸಮುದ್ರಕ್ಕೆಷ್ಟು ಭಾಗ, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂದು ಯುಗಾದಿಯ ದಿನವೇ ಪಾಲು ಮಾಡಿಬಿಡುತ್ತಾರೆ. ಇಷ್ಟು ಅಚ್ಚುಕಟ್ಟಾದ ಪಾಲುಪಟ್ಟಿ ಅಣ್ಣತಮ್ಮಂದಿರ ನಡುವೆಯೂ ಆಗುವುದಿಲ್ಲ. ಆದರೆ ಮಂಗಳವಾರ ಮೂರು ಗಂಟೆಗೆ ನಮ್ಮ ಬೀದಿಗೆ ಎಷ್ಟು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಪಾರ್ಕಿನ ರೇಡಿಯೋ ಇನ್ನೂ ಜಾಣ. ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆಯಾಗಬಹುದು ಎಂದು ಹೇಳಿ ಸುಗಮ ಸಂಗೀತಕ್ಕೆ ಹೊರಟುಹೋಗುತ್ತದೆ. ಕೆಲವೆಡೆ ಎಂದರೆ ನಾವಾ, ಪೆರೇಸಂದ್ರದವರಾ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

ಮಂಗಳವಾರ ಹುಳುಗಳು ಹಣ್ಣಾದವು. ಮೈ ಹಳದಿ ತಿರುಗಿ, ತಲೆ ಎತ್ತಿ, ತಿನ್ನುವುದನ್ನು ಬಿಟ್ಟವು. ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟದ್ದಾಯಿತು. ಸೋಮವಾರದ ಪೆಟ್ಟು ತಿಂದಿದ್ದ ನಾನು ಈ ಸಲ ಎಚ್ಚರವಾಗಿ, "ಮಳೆ ಖಂಡಿತ, ಹೊರಗಿಡಬೇಡಿ" ಎಂದೆ. ಒಂದು ಹನಿ ಬೀಳಲಿಲ್ಲ. ಹಿಂದಿನ ದಿನದ ತೇವವೆಲ್ಲ ಕಾದು ಉಗಿಯಾಗಿ ಎದ್ದು, ಬಾಗಿಲು ಹಾಕಿದ ಕೋಣೆ ಇಡ್ಲಿ ಪಾತ್ರೆಯಾಯಿತು. ಹುಳುಗಳು ಗೂಡು ಕಟ್ಟುವುದನ್ನು ಬಿಟ್ಟು ಅಡ್ಡಾದಿಡ್ಡಿ ಹರಿಯತೊಡಗಿದವು. ಮುನಿವೆಂಕಟಮ್ಮ ಸಾಯಂಕಾಲದವರೆಗೂ ಮೊರ ಹಿಡಿದು ಬೀಸುತ್ತ ನಿಂತಿದ್ದರು. ಬೇಸಿಗೆ ರಜೆಯಲ್ಲಿದ್ದ ನಾನು ಜಗಲಿಯ ಮೇಲೆ ಕೂತು, ಮೋಡವು ಬರದೆ ಹೋದದ್ದಕ್ಕೆ ಕಾರಣಗಳನ್ನು ಎದುರುಮನೆಯ ಹುಸೇನ್ ಸಾಬರಿಗೆ ವಿವರಿಸುತ್ತಿದ್ದೆ. ಗೂಡಿನಿಂದ ನೂಲು ತೆಗೆಯುವ ಚರಕದ ಕಸುಬು ಅವರದು. "ಬರಾಬರ್ ಮೇಷ್ಟ್ರೇ" ಎಂದು ಕಾರಣಗಳಿಗೆಲ್ಲ ತಲೆಯಾಡಿಸಿದರು.

ಬುಧವಾರ "ಇಲ್ಲ" ಎಂದೆ. ಚಂದ್ರಿಕೆಗಳು ಹೊರಗೆ ಬಂದವು. ಎರಡು ಗಂಟೆಗೆ ಚಿಕ್ಕಬಳ್ಳಾಪುರದ ಕಡೆಯಿಂದ ಗಾಳಿ ಎದ್ದಿತು. ನನ್ನ ಮಾವನ ಮನೆ ಇರುವುದೂ ಆ ಕಡೆಯೇ. ಅಲ್ಲಿಂದ ಬರುವುದು ಯಾವುದೂ ಹೇಳಿ ಬರುವುದಿಲ್ಲ. ಬೀದಿಗೆ ಬೀದಿಯೇ ಓಡಿತು. ನಾಳೆ ಇದೇ ಗೂಡಿಗೆ ಹೀನಾಯ ಬೆಲೆ ಹೇಳಬೇಕಾದ ಹುಸೇನ್ ಸಾಬರು ಮಗುವನ್ನು ಎತ್ತಿದಂತೆ ಒಂದು ಚಂದ್ರಿಕೆ ಎತ್ತಿಕೊಂಡು ನಮ್ಮ ನಡುಮನೆಗೇ ಬಂದರು. ಜಾನಕಿ ಒಂದರ ತುದಿ ಹಿಡಿದಿದ್ದಳು. ನಾನೂ ಪಂಚೆ ಎತ್ತಿಕಟ್ಟಿ ಮುನ್ನುಗ್ಗಿದೆ. ಅಷ್ಟರಲ್ಲಿ ಮುನಿವೆಂಕಟಮ್ಮ ಅಡ್ಡ ನಿಂತು, "ಸಾಮೀ, ನೀವು ಮಾತ್ರ ಮುಟ್ಟಬ್ಯಾಡಿ. ಕೈಯಲ್ಲಿ ನಸ್ಯ ಅದೆ" ಎಂದರು.

ಹೊಗೆಸೊಪ್ಪಿನ ವಾಸನೆ ರೇಷ್ಮೆ ಹುಳುವಿಗೆ ವಿಷ. ಅದು ನನಗೆ ಗೊತ್ತಿತ್ತು, ಪಾಠದಲ್ಲೇ ಹೇಳುತ್ತಿದ್ದೆ. ನನ್ನ ಬೆರಳಿಗೂ ಅದಕ್ಕೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಎಲ್ಲರೂ ಓಡಾಡುತ್ತಿದ್ದಾಗ ನಾನೊಬ್ಬನೇ ಕೊಡೆ ಬಿಚ್ಚಿಕೊಂಡು ಬೀದಿಯ ಮಧ್ಯೆ ನಿಂತಿದ್ದೆ. ಕೊಡೆಯ ಕೆಳಗೆ ನನ್ನನ್ನು ಬಿಟ್ಟು ಕಾಪಾಡಬೇಕಾದ್ದು ಏನೂ ಇರಲಿಲ್ಲ.

ಎರಡು ಚಂದ್ರಿಕೆಗಳ ಅಂಚು ನೆನೆದು ಅಲ್ಲಿಯ ಹುಳುಗಳು ಹೋದವು. ಉಳಿದವು ನಮ್ಮ ನಡುಮನೆಯಲ್ಲಿ ನನ್ನ ಪುಸ್ತಕದ ಬೀರುವಿಗೆ ಒರಗಿ ನಿಂತವು. ಅವು ಇರುವಷ್ಟು ಹೊತ್ತು ಒಗ್ಗರಣೆಯ ಘಾಟು ಕೂಡದು, ಊದುಬತ್ತಿ ಕೂಡದು. ಇಂಗಿಲ್ಲದ ಸಾರು, ಸಾಸಿವೆ ಸಿಡಿಯದ ಪಲ್ಯ ತಿಂದು ನಾನು ಒಳಗೊಳಗೇ ಗೊಣಗಿದೆ. ಜಾನಕಿ ಕೇಳಿಸಿಕೊಂಡು, "ಆ ಹೆಂಗಸಿಗೆ ತೋಟ ಹೋಗ್ತದೆ, ನಿಮಗೆ ಒಗ್ಗರಣೆ ಹೋಯ್ತಾ?" ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆವತ್ತೇ ನಸ್ಯದ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.

ಗುರುವಾರ ಬೆಳಿಗ್ಗೆ ಕಣ್ಣಲ್ಲಿ ನೀರು, ಮೂಗಿನಲ್ಲಿ ತಳಮಳ, ತಲೆಯಲ್ಲಿ ಗುಡುಗು. ಅಂಥ ಸ್ಥಿತಿಯಲ್ಲೂ ಕರ್ತವ್ಯ ಬಿಡಲಿಲ್ಲ. "ಇವತ್ತು ದೊಡ್ಡ ಮಳೆ ಇದೆಯಮ್ಮ" ಎಂದೆ. ಮುನಿವೆಂಕಟಮ್ಮ ಮುಖ ಅರಳಿಸಿ, "ಒಳ್ಳೇದಾಯ್ತು ಸಾಮಿ" ಎಂದವರೇ ಒಂದೊಂದಾಗಿ ಎಲ್ಲ ಚಂದ್ರಿಕೆಗಳನ್ನೂ ಬೀದಿಗೆ ಸಾಗಿಸಿದರು. ಅವರಿಗೆ ನನ್ನ ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಸಂಜೆಯವರೆಗೆ ತಿಳಿಗಾಳಿ ಬೀಸಿತು, ಹನಿ ಬೀಳಲಿಲ್ಲ, ಹುಳುಗಳು ಸುಖವಾಗಿ ನೂಲು ಸುತ್ತಿದವು. ಪಿಳ್ಳಪ್ಪ ನೋಡಲು ಬಂದಿದ್ದ. ಬೆಳೆ ಎಷ್ಟು ಕೆಟ್ಟಿದೆ ಎಂದು ನೋಡಲು ಎಂಬುದು ನನ್ನ ಅನುಮಾನ. "ಯಾವ ಧೈರ್ಯದ ಮೇಲೆ ಹೊರಗಿಟ್ಟೆ?" ಎಂದು ಅವನು ಕೇಳುವುದೂ, ಅವರು ತಗ್ಗಿದ ದನಿಯಲ್ಲಿ ಉತ್ತರಿಸುವುದೂ ಕಿಟಕಿಯಿಂದ ಕೇಳಿಸಿತು.

"ಮೇಷ್ಟ್ರು ಮಳೆ ಬರ್ತದೆ ಅಂದ್ರು ಕಣಪ್ಪ. ಅವರು ಅಂದಿದ್ದಕ್ಕೆ ಉಲ್ಟಾ ಮಾಡಿದ್ರೆ ಸರಿಹೋಗ್ತದೆ. ದೇವರಂಥ ಮನುಷ್ಯ, ಒಂದು ದಿನಾನೂ ತಪ್ಪಲ್ಲ."

ಅವಮಾನವೆನ್ನಬೇಕೋ ಉಪಕಾರವೆನ್ನಬೇಕೋ ತಿಳಿಯಲಿಲ್ಲ. ಕೊನೆಗೂ ನನ್ನ ಮಾತು ಒಬ್ಬರ ಕೆಲಸಕ್ಕೆ ಬಂದಿತ್ತು. ಬಂದ ಬಗೆ ಮಾತ್ರ ನಾನು ಬಯಸಿದ್ದಲ್ಲ.

ಶುಕ್ರವಾರ ಬೆಳಿಗ್ಗೆ ನಿಜವಾದ ಕಷ್ಟ ಶುರುವಾಯಿತು. ಗೂಡಿನೊಳಗೆ ಹುಳು ಇನ್ನೂ ಎಳೆಯದು. ನೆನೆದರೂ ಹೋಯಿತು, ಬೆಂದರೂ ಹೋಯಿತು. ಮೂರು ದಿನ ಕಾಪಾಡಿಕೊಂಡು ಬಂದ ಬೆಳೆ ಇನ್ನೊಂದು ಪೆಟ್ಟು ತಡೆಯುವಂತಿರಲಿಲ್ಲ. ನನಗೆ ಮಳೆ ಇಲ್ಲವೆಂದು ಅನ್ನಿಸಿತು. ಇಲ್ಲ ಎಂದರೆ ಅವರು ಒಳಗಿಡುತ್ತಾರೆ, ಹುಳು ಬೇಯುತ್ತದೆ. ಆದ್ದರಿಂದ ಇದೆ ಎನ್ನಬೇಕು. ಆದರೆ ನನಗೆ ಇಲ್ಲ ಅನ್ನಿಸಿದ ದಿನವೆಲ್ಲ ಬಂದಿದೆಯಲ್ಲ, ಹಾಗಾದರೆ ಅನ್ನಿಸಿದ್ದನ್ನೇ ಹೇಳಿಬಿಡಬೇಕು. ಆದರೆ ಇಷ್ಟೆಲ್ಲ ಯೋಚಿಸಿದ ಮೇಲೂ ಅದು ಅನ್ನಿಸಿದ್ದೇ ಆಗಿ ಉಳಿದಿದೆಯೇ? ತರ್ಕಶಾಸ್ತ್ರ ಓದಿದವರು ಇಂಥ ಜಾಗದಲ್ಲಿ ಏನು ಮಾಡುತ್ತಾರೋ ತಿಳಿಯದು; ಅವರಿಗೆ ಹುಳು ಸಾಕುವ ಒಡತಿಯರು ಇರಲಿಕ್ಕಿಲ್ಲ. ಮುನಿವೆಂಕಟಮ್ಮ ಎದುರಿಗೆ ಕೈಕಟ್ಟಿ ಕಾಯುತ್ತಿದ್ದರು. ಕಣ್ಣ ಕೆಳಗೆ ನಾಲ್ಕು ದಿನದ ನಿದ್ದೆ ನಿಂತಿತ್ತು.

"ಗೊತ್ತಿಲ್ಲಮ್ಮ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಗೊತ್ತಿಲ್ವಾ?"

"ಇಲ್ಲ. ಯಾವತ್ತೂ ಗೊತ್ತಿರಲಿಲ್ಲ. ಸುಮ್ಮನೆ ಹೇಳ್ತಿದ್ದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಆಕಾಶ ನೋಡಿ, "ಹಂಗಾದ್ರೆ ಹೊರಗಿಟ್ಟು ಪಕ್ಕದಲ್ಲೇ ಕೂರಣ. ಬಂದ್ರೆ ಎತ್ಕೊಳಣ" ಎಂದರು. ಅಷ್ಟೇ. ಆ ಉಪಾಯ ಮಂಗಳವಾರದಿಂದಲೂ ಅಲ್ಲೇ ಬಿದ್ದಿತ್ತು. ನಾನು ಭರವಸೆ ಕೊಡುತ್ತಿದ್ದುದರಿಂದ ಕೂರುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಒಗೆದ ಪಂಚೆ ಉಟ್ಟು ಹೋಗಿ ಕೈ ಮುಂದೆ ಹಿಡಿದೆ. ಮುನಿವೆಂಕಟಮ್ಮ ಮೂಸಿ ನೋಡಿ ಒಪ್ಪಿಗೆ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಬಾಗಿಲ ಬಳಿಯ ಎರಡು ಚಂದ್ರಿಕೆ. ಅತ್ತ ಜಾನಕಿ, ಇತ್ತ ಚರಕ ನಿಲ್ಲಿಸಿ ಬಂದ ಹುಸೇನ್ ಸಾಬರು. ಬಿಸಿಲು ಸರಿದಂತೆ ಚಂದ್ರಿಕೆಗಳನ್ನು ನೆರಳಿಗೆ ಸರಿಸುತ್ತ, ಮಜ್ಜಿಗೆ ಕುಡಿಯುತ್ತ ಕೂತೆವು. ಮಧ್ಯಾಹ್ನ ಪಿಳ್ಳಪ್ಪ ಬಂದ. ಸ್ವಲ್ಪ ಹೊತ್ತು ನಿಂತು ನೋಡಿ, ಟವಲು ಹಾಸಿಕೊಂಡು ಅವನೂ ಒಂದರ ಪಕ್ಕ ಕೂತ. ನಾಲ್ಕು ಗಂಟೆಗೆ ನಂದಿ ಬೆಟ್ಟದ ಮೇಲಿನ ಮೋಡ ನಮ್ಮ ಕಡೆ ತಿರುಗಿತು. ಮೊದಲ ಹನಿ ನನ್ನ ಬೋಳುತಲೆಗೆ ಬಿದ್ದಾಗ ಎಲ್ಲರ ಕೈಯೂ ಬಿದಿರಿನ ಮೇಲೆಯೇ ಇತ್ತು. ಎರಡನೆಯ ಸಿಡಿಲು ಬಡಿಯುವ ಹೊತ್ತಿಗೆ ಬೀದಿ ಖಾಲಿ. ಒಂದು ಗೂಡೂ ನೆನೆಯಲಿಲ್ಲ.

ಶನಿವಾರದಿಂದ ಧಗೆ ಮತ್ತೆ ಬಂದು ಊರನ್ನು ಹಿಡಿದುಕೊಂಡಿತು, ಮಳೆಯ ಸುಳಿವೇ ಇಲ್ಲ. ಭಾನುವಾರ ಗೂಡು ಬಿಡಿಸಿದರು. ಪಿಳ್ಳಪ್ಪ ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಒಳಗೆ ಹುಳು ಗಟ್ಟಿಯಾಗಿ ಕಡಕಡ ಅಂದಿತು. ಅವನು ಇನ್ನೊಂದನ್ನು ಅಲ್ಲಾಡಿಸಿದ, ಮತ್ತೊಂದನ್ನು ಅಲ್ಲಾಡಿಸಿದ. ಕೊನೆಗೆ ಗೂಡುಗಳ ಕಡೆಯೇ ನೋಡುತ್ತ, "ಮುಂದಿನ ಬೆಳೆಗೆ ಸೊಪ್ಪು ಸಾಲದಿದ್ರೆ ನಮ್ಮ ತೋಟದಾಗೆ ಕೊಯ್ಕೋ ಅತ್ತಿಗೆ" ಎಂದ. ಮುನಿವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಖೆ ಇತ್ತು, ನಿಜ. ಆದರೆ ಒರೆಸಿಕೊಂಡದ್ದು ಬೆವರಲ್ಲ.

ಮಾರನೆಯ ದಿನ ಹಿಂದಿನ ಬೀದಿಯವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮನೆಯಲ್ಲೂ ಹುಳು ಹಣ್ಣಾಗಿದ್ದವು. "ಮೇಷ್ಟ್ರೇ, ಇವತ್ತು ಮಳೆ ಹೆಂಗೆ?" ಎಂದು ಕೇಳಿದರು. ಅಭ್ಯಾಸಬಲದಿಂದ ನನ್ನ ಕತ್ತು ಆಗಲೇ ಪೂರ್ವಕ್ಕೆ ಎದ್ದಿತ್ತು. ಅಷ್ಟರಲ್ಲಿ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಮುನಿವೆಂಕಟಮ್ಮ ತಲೆ ಎತ್ತದೆ ಹೇಳಿದರು:

"ಅವರನ್ನ ಅದೊಂದು ಕೇಳಬ್ಯಾಡಿ, ಅವರಿಗೆ ಗೊತ್ತಾಗಲ್ಲ. ಜತೆಗೆ ಬಂದು ಕೂತ್ಕೊಳ್ಳಿ ಅನ್ನಿ, ಬರ್ತಾರೆ."

ನಾನು ಕೈ ತೊಳೆದುಕೊಳ್ಳಲು ಒಳಗೆ ಹೋದೆ.