ತಿರುವಿನ ಬೋರ್ಡಿಗೊಂದು ಅರ್ಜಿ

ಇಂದು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಿದ್ದಾಗ ಗೇಟಿನ ಕಡೆಯಿಂದ ಹಸಿ ಪೇಂಟಿನ ವಾಸನೆ ಬಂತು. ಎದ್ದು ಹೋಗಿ ನೋಡಿದರೆ, ಲೋಕೋಪಯೋಗಿ ಇಲಾಖೆಯ ಕೆಲಸದವರೊಬ್ಬರು ನಮ್ಮ ತಿರುವಿನ ಬೋರ್ಡಿನ ಕಂಬಕ್ಕೆ ಕಪ್ಪು ಬಿಳಿ ಪಟ್ಟೆ ಬಳಿಯುತ್ತಿದ್ದರು. ಬೋರ್ಡೆಂದರೆ ದೊಡ್ಡದೇನಲ್ಲ, ಕೆಂಪು ಅಂಚಿನ ತ್ರಿಕೋನ, ಒಳಗೆ ಬಾಗಿದ ಒಂದು ಬಾಣ. ಇಂಥವು ದಿನಕ್ಕೆ ಹತ್ತು ನಿಮ್ಮ ಕಣ್ಣಿಗೆ ಬೀಳುತ್ತವೆ, ಒಂದನ್ನೂ ನೀವು ನೋಡಿರುವುದಿಲ್ಲ. ನಾನಾದರೋ ಇದರ ಎದುರು ದಾಟುವಾಗಲೆಲ್ಲ ಸ್ವಲ್ಪ ತಲೆ ತಗ್ಗಿಸುತ್ತೇನೆ. ಭಕ್ತಿಯಿಂದಲ್ಲ, ನಾಚಿಕೆಯಿಂದ.

ನಮ್ಮ ಮನೆ ಇರುವುದು ಹಿರಿಯಡ್ಕ ದಾಟಿ ಕಾರ್ಕಳದ ಕಡೆಗೆ ಹೋಗುವಾಗ ಒಳಗೆ ಕವಲೊಡೆಯುವ ರಸ್ತೆಯಲ್ಲಿ, ಸರಿಯಾಗಿ ತಿರುವಿನ ಮೂಲೆಯಲ್ಲಿ. ನಾನು ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿಯೇ ನಿವೃತ್ತನಾದವನು. ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಒಂದೇ ಕಾರಣಕ್ಕೆ ಊರಿನ ಅರ್ಜಿಗಳೆಲ್ಲ ನನ್ನ ಜಗಲಿಗೆ ಬರುತ್ತಿದ್ದವು. ನಳ್ಳಿಯಲ್ಲಿ ನೀರು ಬಾರದಿದ್ದರೆ ನಾನು ಬೇಕು, ದಾರಿದೀಪ ಉರಿಯದಿದ್ದರೆ ನಾನು ಬೇಕು. ಹೊರಗೆ ಬೇಸರ ತೋರಿಸುತ್ತಿದ್ದೆ, ಒಳಗೊಳಗೆ ಬೀಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹಾಗೆ ಬಂದವರು ಜಲಜಕ್ಕ. ಕಾಪುವಿನ ಕಡಲ ತಡಿಯಲ್ಲಿ ಹುಟ್ಟಿ ನಮ್ಮೂರಿಗೆ ಮದುವೆಯಾಗಿ ಬಂದವರು, ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುವವರು. ಆ ದಿನ ನಮ್ಮ ತಿರುವಿನಲ್ಲಿ ಎದುರಿನಿಂದ ಟೆಂಪೊ ಒಂದು ನುಗ್ಗಿ ಬಂದು, ಅದನ್ನು ತಪ್ಪಿಸಲು ಹೋಗಿ ಜಲಜಕ್ಕ ಸ್ಕೂಟರ್ ಸಮೇತ ಚರಂಡಿಗೆ ಇಳಿದಿದ್ದರು. ಉಳಿದಿದ್ದ ಬಂಗುಡೆಯೆಲ್ಲ ರಸ್ತೆಗೆ ಚೆಲ್ಲಿ ಕಾಗೆಗಳಿಗೆ ಔತಣವಾಗಿತ್ತು.

"ನನಗೆ ಎಂತ ಆಗಲಿಲ್ಲ ಅಣ್ಣ, ಮೊಣಕೈ ತರಚಿದ್ದು ಅಷ್ಟೆ. ಆದರೆ ಅಂಗನವಾಡಿ ಬಿಡುವ ಹೊತ್ತು ಅದು. ನನ್ನ ಹಿಂದೆಯೇ ನಾಲ್ಕು ಮಕ್ಕಳು ಕೈ ಕೈ ಹಿಡ್ಕೊಂಡು ಬರ್ತಾ ಇದ್ದರು. ನಾನಾದರೆ ಚರಂಡಿಗೆ ಇಳಿದೆ, ಅವು ಎಲ್ಲಿಗೆ ಇಳಿಯುವುದು? ಇಲ್ಲಿಗೊಂದು ಬೋರ್ಡು ಬೇಕು. ನೀವು ಬರೆಯಿರಿ, ಆಫೀಸಿಗೆ ತಿರುಗುವ ಕೆಲಸ ನನ್ನದು."

ಬರೆದೆ. ಮೂರು ಪುಟ. ಪಂಚಾಯಿತಿಯವರು ಗೌರವದಿಂದಲೇ ಓದಿ, "ಕಂಬದ ಬಲ್ಬು ನಮ್ಮದು, ರಸ್ತೆ ಲೋಕೋಪಯೋಗಿಯವರದ್ದು" ಎಂದು ಕಾರ್ಕಳದ ದಾರಿ ತೋರಿಸಿದರು. ಜಲಜಕ್ಕನ ಜೊತೆ ಅಲ್ಲಿಗೂ ಹೋದೆ. ಕಚೇರಿಯ ಗುಮಾಸ್ತೆ ಮೂರೂ ಪುಟ ಮಗುಚಿ ಹಾಕಿ ಕೇಳಿದರು: "ಬಹಳ ಚಂದ ಬರೆದಿದ್ದೀರಿ ಸಾರ್. ಆದರೆ ಜಾಗ ಎಲ್ಲಿ?"

ನಾನು ತಬ್ಬಿಬ್ಬಾದೆ. ತಂಗಾಳಿ, ಮುಗ್ಧ ಕಂದಮ್ಮಗಳು, ಆಡಳಿತದ ಕರುಣೆ ಎಲ್ಲ ಬರೆದಿದ್ದೆ, ಜಾಗವನ್ನೇ ಬರೆದಿರಲಿಲ್ಲ. ಜಲಜಕ್ಕ ಮುಂದೆ ಬಾಗಿ, "ಬರ್ಕೊಳ್ಳಿ ಮೇಡಂ," ಎಂದು ತಿರುವಿನ ಆಚೀಚೆಯ ಎರಡು ವಿದ್ಯುತ್ ಕಂಬಗಳ ನಂಬರನ್ನು ಗಿಳಿಯಂತೆ ಹೇಳಿದರು. ಗುಮಾಸ್ತೆಯ ಮುಖ ಅರಳಿತು. ನನ್ನದು ಸ್ವಲ್ಪ ಬಾಡಿತು.

ಆಮೇಲೆ ಜಲಜಕ್ಕ ಆ ಕಚೇರಿಗೆ ಎಷ್ಟು ಸಲ ಹೋದರೋ ತಿಳಿಯದು. ಅಂತೂ ಒಂದು ದಿನ ಎಂಜಿನಿಯರ್ ಬಂದರು, ಹಾಸನದ ಕಡೆಯ ತರುಣ. ಆ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ.

"ಇಲ್ಲಿ ಗಾಡಿಗಳೇ ಓಡಾಡಲ್ವಲ್ಲಮ್ಮ!"

"ಸ್ವಲ್ಪ ನಿಲ್ಲಿ ಸಾರ್, ನಾಲ್ಕು ಗಂಟೆ ಆಗಲಿ," ಎಂದರು ಜಲಜಕ್ಕ.

ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ರಿಕ್ಷಾವೊಂದು ತಿರುವಿನಿಂದ ಹಾರಿ ಬಂತು. ಎಂಜಿನಿಯರ್ ಒಂದೇ ನೆಗೆತಕ್ಕೆ ನಮ್ಮ ದಾಸವಾಳದ ಬೇಲಿಯೊಳಗೆ ಬಿದ್ದರು. ಕೂದಲಿಗೆ ಸಿಕ್ಕಿದ ಹೂ ತೆಗೆಯುತ್ತ ಎದ್ದವರು ಆ ಬೇಲಿಯನ್ನು ಮೇಲಿಂದ ಕೆಳಗೆ ನೋಡಿದರು. ಅಲ್ಲಿಂದ ರಸ್ತೆಯನ್ನು ನೋಡಿದರು. ಕೊನೆಗೆ ಕಡತ ತೆರೆದು ನನ್ನದೇ ಅರ್ಜಿಯಿಂದ ಗಟ್ಟಿಯಾಗಿ ಓದಿದರು: "'ಪ್ರಕೃತಿಯೇ ಕಟ್ಟಿದ ಹಸಿರು ಗೋಡೆಯಿಂದ ಎದುರಿನ ವಾಹನಗಳು ಗೋಚರಿಸದೆ...' ಈ ಗೋಡೆ ಯಾರದು ಸಾರ್?"

"ನಮ್ಮದೇ," ಎಂದೆ.

"ರಸ್ತೆ ಜಾಗಕ್ಕೆ ಮೂರಡಿ ಬಂದಿದೆ. ಬೋರ್ಡು ನಾನು ಹಾಕಿಸ್ತೀನಿ. ಬೇಲಿ ನೀವು ತೆಗೆಸಿ."

ಆ ಬೇಲಿಯ ಗೆಲ್ಲುಗಳನ್ನು ನನ್ನ ಹೆಂಡತಿ ಪಡುಬಿದ್ರಿಯ ತವರಿನಿಂದ ತಂದು ನೆಟ್ಟಿದ್ದಳು. ಹೇಗೆ ಹೇಳುವುದೆಂದು ಇಡೀ ಸಂಜೆ ಮಾತು ಜೋಡಿಸಿದೆ. ಹೇಳಿ ಮುಗಿಸುವ ಮೊದಲೇ ಅವಳು ಕತ್ತಿ ತಂದು ಕೈಗಿತ್ತು, "ದಿನಾ ಆ ಮಕ್ಕಳು ಇಲ್ಲಿಂದಲೇ ಹೋಗುವುದಲ್ವಾ? ಗೆಲ್ಲು ಮಾತ್ರ ಬಿಸಾಡಬೇಡಿ, ಒಳಗೆ ನೆಡ್ತೇನೆ" ಎಂದಳು. ಮರುದಿನ ಬೇಲಿ ಹೋಯಿತು. ಅಂಗನವಾಡಿಯ ಬಾಗಿಲು ನಮ್ಮ ಜಗಲಿಗೆ ಮೊದಲ ಸಲ ಕಂಡಿತು. ಬೋರ್ಡು ಬಂದದ್ದು ಅದರ ಮುಂದಿನ ತಿಂಗಳು.

ಬೋರ್ಡು ನಿಲ್ಲಿಸಿದ ದಿನ ಜಲಜಕ್ಕ ಬೂತಾಯಿ ಮೀನು ಹಿಡಿದು ಬಂದರು. ಅವರ ಮುಖದ ನಗು ನೋಡಿ ನನಗೆ ಅನುಮಾನವಾಯಿತು.

"ಬೇಲಿಯಿಂದಾಗಿಯೇ ಕಾಣುವುದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ ಅಣ್ಣ, ದಿನಾ ಹೋಗುವ ದಾರಿ ಅಲ್ವಾ?"

"ಮತ್ತೆ ನನ್ನ ಹತ್ತಿರ ಹೇಳಬಹುದಿತ್ತಲ್ಲ ಮಾರಾಯ್ರೆ!"

"ಅಕ್ಕ ಅಷ್ಟು ಪ್ರೀತಿಯಿಂದ ಬೆಳೆಸಿದ್ದು. ಮನೆ ಬಾಗಿಲಿಗೆ ಬರುವವಳು ನಾನು ಹೇಗೆ ಕಡಿಯಿರಿ ಅಂತ ಹೇಳುವುದು? ಸರಕಾರ ಹೇಳಿದರೆ ಯಾರಿಗೂ ಬೇಸರ ಇಲ್ಲ."

ಅಂದಿನಿಂದ ನಾನು ಸ್ಥಳ ನೋಡದೆ ಅರ್ಜಿ ಬರೆಯುವುದಿಲ್ಲ. ಇಂದು ಪೇಂಟಿನವರಿಗೆ ಚಹಾ ಕೊಟ್ಟು ಒಳಗೆ ಬರುವಷ್ಟರಲ್ಲಿ ಕೆಳಗಿನ ಓಣಿಯ ಟೈಲರ್ ಸುಮತಿ ಬಂದು, ಓಣಿಗೊಂದು ದಾರಿದೀಪ ಬೇಕು ಎಂದರು. ಪೆನ್ನು ಹುಡುಕದೆ ಚಪ್ಪಲಿ ಹಾಕಿಕೊಂಡು ಅವರೊಂದಿಗೆ ಹೊರಟೆ. ಹೋಗಿ ನೋಡಿದರೆ ದೀಪ ಉಂಟು. ಅದರ ಮೇಲೆ ಮಸ್ಕತ್ತಿನಿಂದ ವಾಪಸಾದ ಶೇಖರಣ್ಣನ ಮಾವಿನ ಕೊಂಬೆ ಕೊಡೆಯಂತೆ ಹರಡಿಕೊಂಡಿದೆ.

ನೇರವಾಗಿ ಹೇಳಿಬಿಡೋಣ ಎಂದು ಅವರ ಮನೆಯೊಳಗೇ ಹೋದೆ. ಶೇಖರಣ್ಣ ಕೈ ಹಿಡಿದು ಕೂರಿಸಿದರು, ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟರು. "ಆ ಓಣಿ ಕಡೆಯ ಕೊಂಬೆ ಉಂಟಲ್ಲ, ಅದರ ರುಚಿಯೇ ಬೇರೆ. ತಿಂದು ನೋಡಿ," ಎಂದರು. ತಿಂದೆ. ನಿಜವಾಗಿಯೂ ಬೇರೆಯೇ. ಇನ್ನೆರಡು ಹೋಳು ತಿಂದು, ಮಸ್ಕತ್ತಿನ ಸೆಕೆಯ ಬಗ್ಗೆ ವಿಚಾರಿಸಿ, ಎದ್ದು ಬಂದೆ.

ಮನೆಗೆ ಬಂದು ಪಂಚಾಯಿತಿಗೆ ಅರ್ಜಿ ಬರೆದೆ. ನಾಲ್ಕೇ ಸಾಲು. 'ಅಧಿಕಾರಿಗಳು ದಯವಿಟ್ಟು ತಾವೇ ಸ್ಥಳಕ್ಕೆ ಬಂದು ನೋಡಬೇಕು' ಎಂಬುದರ ಕೆಳಗೆ ಮಾತ್ರ ಎರಡು ಗೆರೆ ಎಳೆದೆ.