ಮೊಸ್ಯೂ ಮತ್ತು ಪರದೆಯ ಕೆಳಗಿನ ಎರಡು ಸಾಲು

ನಿನ್ನೆ ಭಾನುವಾರ ಮಧ್ಯಾಹ್ನ ಹುರುಳಿಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಲ್ಲಿ ಮಗಳು ಹಾಕಿಕೊಂಡಿದ್ದ ಟಿವಿಯಿಂದ ಒಂದು ಗಂಡುದನಿ ಕೇಳಿತು. ಗಂಟಲಲ್ಲೇ ಒಂದು ಸುತ್ತು ತಿರುಗಿ, ಮೂಗಿನ ಕಡೆಯಿಂದ ಹೊರಗೆ ಬೀಳುವ ಫ್ರೆಂಚ್ ದನಿ. ಸೌಟು ಹಿಡಿದುಕೊಂಡೇ ಓಡಿದೆ.

"ಅಯ್ಯೋ, ನಮ್ಮ ಮೊಸ್ಯೂ ಕಣೇ!"

"ವೆಮ್ ದೋ?" ಎಂದಳು ಮಗಳು. ಯಾರು ಅಂತ. ನಾನು ಕನ್ನಡದಲ್ಲಿ ಕೇಳುವುದು, ಅವಳು ಸ್ವೀಡಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಯಾರೆಂದು ತೋರಿಸೋಣವೆಂದರೆ ಅಷ್ಟರಲ್ಲಿ ಮೊಸ್ಯೂ ಯಾರಿಗೋ ರೈಲು ಟಿಕೆಟ್ ಹರಿದುಕೊಟ್ಟು ಪರದೆಯಿಂದ ಮಾಯವಾಗಿದ್ದರು. ಆ ಸಿನಿಮಾದಲ್ಲಿ ಅವರ ಪಾತ್ರವೇ ಅಷ್ಟು. ಇತ್ತ ಸಾಸಿವೆ ಸೀದುಹೋಯಿತು.

ನಿಮಗಾದರೂ ಹೇಳುತ್ತೇನೆ, ಕೇಳಿ. ಅವರೊಬ್ಬ ಫ್ರೆಂಚ್ ನಟ. ನಿಜವಾದ ಹೆಸರು ಉದ್ದವಾಗಿದೆ. ಅದರಲ್ಲಿ ಬರೆದಿರುವ ಅಕ್ಷರಗಳಲ್ಲಿ ಅರ್ಧವನ್ನು ಉಚ್ಚರಿಸಲೇಬಾರದಂತೆ. ಯಾವ ಅರ್ಧ ಎನ್ನುವುದು ನನಗೆ ಕೊನೆಗೂ ತಿಳಿಯಲಿಲ್ಲ. ಸಿನಿಮಾದಲ್ಲಿ ಎಲ್ಲರೂ ಎಲ್ಲರನ್ನೂ, ನಾವು ಸಾರ್ ಎನ್ನುವ ಹಾಗೆ, ಮೊಸ್ಯೂ ಎನ್ನುತ್ತಿದ್ದರಲ್ಲ, ಅದನ್ನೇ ಅವರಿಗೆ ಕಾಯಂ ಮಾಡಿದೆ.

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಅದು ನನ್ನ ಮೊದಲ ಚಳಿಗಾಲ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ನಮ್ಮ ಮನೆಯವರಿಗೆ ಇಲ್ಲಿ ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಓಡುತ್ತದೆ ಎಂದು ಲೆಕ್ಕ ಹಾಕುವ ಕೆಲಸ. ನಾನು ದಾವಣಗೆರೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವಳು. ಇಡೀ ತರಗತಿಯ ಗಲಾಟೆಯನ್ನು ಒಂದೇ ಗದರಿಕೆಗೆ ಅಡಗಿಸುತ್ತಿದ್ದೆ. ಇಲ್ಲಿ ಗದರೋಣವೆಂದರೆ ಒಬ್ಬರಾದರೂ ಗಲಾಟೆ ಮಾಡಬೇಕಲ್ಲ? ಬಸ್ಸಿನಲ್ಲಿ ಕೂತ ಜನ ಉಸಿರನ್ನೂ ಮೆತ್ತಗೆ ಬಿಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ವಲಸಿಗರಿಗೆ ಭಾಷೆ ಕಲಿಸುವ ಕೊಮ್ಯೂನಿನ, ಅಂದರೆ ನಗರಸಭೆಯ, ತರಗತಿಗೆ ಸೇರಲು ಇಲ್ಲಿನ ಗುರುತಿನ ನಂಬರಾದ ಪರ್ಸೂನ್‌ನುಮ್ಮರ್ ಬರಬೇಕಿತ್ತು. ಅದು ಬರುವ ಲಕ್ಷಣವೇ ಇರಲಿಲ್ಲ. ಬಾಯಿದ್ದೂ ಮೂಗಿಯಾದೆ. ಒಂದು ಸಂಜೆ ತಲೆ ಕೆಟ್ಟು ಹೇಳಿಯೇಬಿಟ್ಟೆ.

"ನೋಡಿ, ಬೇಸಿಗೆ ಬರೋಷ್ಟರಲ್ಲಿ ನಂಗೆ ಒಂದು ಕೆಲಸ, ನಾಲ್ಕು ಮಾತು ಸಿಗ್ಲಿಲ್ಲ ಅಂದ್ರೆ ನಾನು ಊರಿಗೆ ಹೊರಟೆ. ನೀವು ರೆಕ್ಕೆ ಹಿಡ್ಕೊಂಡು ಇಲ್ಲೇ ಇರಿ."

ಇವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಇಲ್ಲಿ ಹೊರದೇಶದ ಸಿನಿಮಾಗಳಿಗೆ ಮಾತು ಬದಲಾಯಿಸುವುದಿಲ್ಲ, ಕೆಳಗೆ ಸ್ವೀಡಿಷಿನಲ್ಲಿ ಎರಡು ಸಾಲು ಹಾಕುತ್ತಾರೆ. ಅದನ್ನೇ ಓದಿ ಕಲಿತರಾಯಿತು ಎಂದುಕೊಂಡೆ. ಇಂಗ್ಲಿಷ್ ಸಿನಿಮಾ ಹಾಕಿದರೆ ಕಿವಿ ಮೋಸ ಮಾಡುತ್ತದೆ, ಕಣ್ಣು ಓದುವುದೇ ಇಲ್ಲ. ಆದ್ದರಿಂದ ಒಂದಕ್ಷರವೂ ತಿಳಿಯದ ಫ್ರೆಂಚ್ ಆಗಲಿ ಎಂದು ಇವರ ಕಾರ್ಡಿನ ಮೇಲೆ ಲೈಬ್ರರಿಯಿಂದ ಡಿವಿಡಿ ಹೊತ್ತು ತಂದೆ. ಎಂಥ ಬುದ್ಧಿವಂತೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅರ್ಧ ಗಂಟೆಯಲ್ಲಿ ಜಂಬ ಇಳಿಯಿತು. ಈ ಫ್ರೆಂಚ್ ನಾಯಕರು ಮಾತಾಡುತ್ತಾರೆ ಸ್ವಾಮಿ! ಪ್ರೀತಿಸಿದರೂ ಮಾತು, ಪ್ರೀತಿ ಮುರಿದರೂ ಮಾತು. ನಾನು ಮೊದಲ ಪದ ಕೂಡಿಸಿ ಓದುವಷ್ಟರಲ್ಲಿ ಎರಡು ಸಾಲು ಹೋಗಿ ಇನ್ನೆರಡು ಬಂದಿರುತ್ತಿತ್ತು.

ಆಗ ಪರದೆಯ ಮೇಲೆ ಬಾಗಿಲು ತೆಗೆದುಕೊಂಡು ಒಬ್ಬ ಮನುಷ್ಯ ಬಂದ. ಹೋಟೆಲಿನ ಬಾಗಿಲು ಕಾಯುವವನು, ಅವರೇ ನಮ್ಮ ಮೊಸ್ಯೂ. "ಯಾರೂ ಬಂದಿಲ್ಲ ಮೇಡಂ" ಎಂದ. ಅಷ್ಟೇ. ಆ ಸಾಲು ಕೆಳಗೆ ಆರಾಮಾಗಿ ನಿಂತಿತ್ತು. ಓದಿದೆ, ತಿಳಿಯಿತು! ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಚಿಕ್ಕ ಪಾತ್ರದವನಿಗೆ ಯಾರು ಉದ್ದುದ್ದ ಮಾತು ಬರೆದುಕೊಡುತ್ತಾರೆ? ಅವತ್ತಿನಿಂದ ನಾನು ನಾಯಕರನ್ನು ಬಿಟ್ಟೆ. ಲೈಬ್ರರಿಯಲ್ಲಿ ಡಿವಿಡಿಯ ಬೆನ್ನು ತಿರುಗಿಸಿ, ಹೆಸರುಗಳ ಸಾಲಿನ ತುತ್ತತುದಿಯಲ್ಲಿ ಮೊಸ್ಯೂ ಹೆಸರಿದೆಯೇ ಎಂದು ಹುಡುಕುವುದೇ ಕೆಲಸವಾಯಿತು.

ಏನಾಗಿರಲಿಲ್ಲ ಆ ಮನುಷ್ಯ! ಕಪ್ಪುಬಿಳುಪು ಕಾಲದ ಒಂದರಲ್ಲಿ ತೆಳ್ಳಗಿನ ಸೈಕಲ್ ಕಳ್ಳ, ಶುರುವಿನಲ್ಲೇ ಸತ್ತುಹೋಗುತ್ತಾನೆ. ಆಮೇಲೆ ಪಾದ್ರಿ, ಕಸಾಯಿ, ಸುಳ್ಳು ಪಾಸ್‌ಪೋರ್ಟ್ ಮಾಡುವವನು, ನ್ಯಾಯಾಧೀಶ, ಹಳ್ಳಿಯ ವೈದ್ಯ, ರಾಜನ ಕಾಲದ ಕಥೆಯಲ್ಲಿ ಬರೀ ಸೂಪಿನ ಪಾತ್ರೆ ಹೊತ್ತು ನಡೆಯುವ ಆಳು. ನಾಯಕರು ಎಲ್ಲ ಸಿನಿಮಾದಲ್ಲೂ ಅವರೇ, ಅಂಗಿ ಮಾತ್ರ ಬೇರೆ. ಮೊಸ್ಯೂ ಹಾಗಲ್ಲ. ನನ್ನ ಕಣ್ಣು ಸದಾ ಪರದೆಯ ಕೆಳಗೆ ನೆಟ್ಟಿರುತ್ತಿದ್ದುದರಿಂದ ನನಗೆ ಚೆನ್ನಾಗಿ ಪರಿಚಯವಾದದ್ದು ಅವರ ಕೈ. ಕಸಾಯಿಯ ಕೈ ಯಾವುದನ್ನು ಮುಟ್ಟುವ ಮೊದಲೂ ಏಪ್ರನ್‌ಗೆ ಒರೆಸಿಕೊಳ್ಳುತ್ತಿತ್ತು. ನ್ಯಾಯಾಧೀಶರ ಕೈ ಮೇಜಿನ ಮೇಲೆ ಅಲುಗಾಡದೆ ಕೂತಿರುತ್ತಿತ್ತು. ವೈದ್ಯರ ಕೈ ರೋಗಿಯನ್ನು ಮುಟ್ಟುವ ಮೊದಲು ಒಂದನ್ನೊಂದು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿತ್ತು. ಅದನ್ನು ಮಾಡು ಎಂದು ಯಾವ ನಿರ್ದೇಶಕನೂ ಹೇಳಿರಲಾರ. ಬೇಕಾದರೆ ಪಂಥ ಕಟ್ಟುತ್ತೇನೆ. ಅದೇ ಎರಡು ಕೈಯಲ್ಲಿ ಇಷ್ಟು ಜನರನ್ನು ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ಏನು, ಇವತ್ತು ನಿನ್ ಹೀರೋ ಏನಾಗಿದ್ದ?" ಎಂದು ಇವರು ಬೂಟಿನ ಹಿಮ ಕೊಡವುತ್ತಾ ಕೇಳುತ್ತಿದ್ದರು.

"ಜಡ್ಜ್ ಆಗಿದ್ರು. ಮರ್ಯಾದೆ ಕೊಟ್ಟು ಮಾತಾಡಿ."

ಕೊನೆಗೂ ನಂಬರು ಬಂದು ನಾನು ತರಗತಿಗೆ ಸೇರುವ ಹೊತ್ತಿಗೆ ನನ್ನ ಸ್ವೀಡಿಷ್ ಒಂದು ವಿಚಿತ್ರ ಪ್ರಾಣಿಯಾಗಿತ್ತು. ವಿಷ, ಉಯಿಲು, ಪಾಪನಿವೇದನೆ, ಬಂಧನ, ಎಲ್ಲಕ್ಕೂ ಪದ ಗೊತ್ತು, ಈರುಳ್ಳಿಗೆ ಗೊತ್ತಿಲ್ಲ. ಮೊದಲ ದಿನ ಟೀಚರ್ ನಿಮ್ಮ ಬಗ್ಗೆ ಇನ್ನೂ ಏನಾದರೂ ಹೇಳಿ ಎಂದರು. ನಾನು ಗಂಭೀರವಾಗಿ "ಆರೋಪಿಗೆ ಹೇಳುವುದು ಇನ್ನೇನೂ ಇಲ್ಲ" ಎಂದೆ. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇನ್ನೊಂದು ತೊಂದರೆಯೆಂದರೆ ನನ್ನ ಮಾತು ಎರಡು ಸಾಲಿಗೇ ನಿಲ್ಲುತ್ತಿತ್ತು. ಮೂರನೆಯದು ಬರುತ್ತಲೇ ಇರಲಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ಬೀದಿಯ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಾಲೆಯಲ್ಲಿ, ರಜೆ ಹಾಕಿದವರ ಬದಲಿಗೆ ಬರಲು ಜನ ಬೇಕೆಂದು ತಿಳಿಯಿತು. ಜೂನಿಗೆ ಬರುವ ಇಲ್ಲಿನ ಬೇಸಿಗೆಗೆ ಉಳಿದಿದ್ದು ಸ್ವಲ್ಪ ದಿನ. ಇದೂ ಹೋದರೆ ಟಿಕೆಟ್ ತೆಗೆಸುವುದೇ ಎಂದು ಗಟ್ಟಿ ಮಾಡಿಕೊಂಡು ಹೋದೆ. ಮುಖ್ಯಸ್ಥೆ ಗುನಿಲ್ಲಾ ಕಾಫಿ ಬಗ್ಗಿಸಿಕೊಟ್ಟು ಕೇಳಿದರು: "ಬೆಳಿಗ್ಗೆ ಮಗು ತಾಯಿಯನ್ನು ಬಿಡದೆ ಅತ್ತರೆ ಏನು ಮಾಡುತ್ತೀರಿ?"

"ಕಾಯುತ್ತೇನೆ" ಎಂದೆ. "ಬಾಗಿಲ ಹತ್ತಿರ."

ಮುಗಿಯಿತು ನನ್ನ ಎರಡು ಸಾಲು. ಗುನಿಲ್ಲಾ ಸುಮ್ಮನಾದರು. ಕೆಟ್ಟೆ, ದಾವಣಗೆರೆಯೇ ಗತಿ ಎಂದುಕೊಂಡೆ. ಆದರೆ ಈ ದೇಶದಲ್ಲಿ ಸುಮ್ಮನಿರುವುದೆಂದರೆ ಯೋಚಿಸುವುದು. "ನಾಳೆ ಬನ್ನಿ, ಒಂದು ದಿನ ನೋಡೋಣ" ಎಂದರು.

ಮರುದಿನ ಟಿಲ್ಡಾ ಎನ್ನುವ ಮಗು ಅಮ್ಮನ ಕಾಲು ಹಿಡಿದು ಕಿರುಚುತ್ತಿತ್ತು. ಅಮ್ಮ ಹೋದರು, ಕಿರುಚಾಟ ಉಳಿಯಿತು. ಸಮಾಧಾನದ ಮಾತು ನನ್ನಲ್ಲಿ ಎಲ್ಲಿಂದ ಬರಬೇಕು? ಮೊಸ್ಯೂ ಯಾವ ಸಿನಿಮಾದಲ್ಲೂ ಮಗುವನ್ನು ಸಮಾಧಾನ ಮಾಡಿರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತೆ. ಎರಡು ಕೈಯನ್ನೂ ನಿಧಾನವಾಗಿ ಉಜ್ಜಿ ಬಿಸಿ ಮಾಡಿಕೊಂಡು, ಅವಳ ತಣ್ಣಗಿನ ಕೈಯತ್ತ ಚಾಚಿದೆ. ಟಿಲ್ಡಾ ಅಳುತ್ತಲೇ ನನ್ನ ಕೈ ನೋಡಿದಳು. ಬಿಕ್ಕುತ್ತಾ ತಾನೂ ಉಜ್ಜಿಕೊಂಡಳು. ಆಮೇಲೆ ತನ್ನ ಪುಟ್ಟ ಕೈಗಳನ್ನು ತಂದು ನನ್ನ ಕೈಯೊಳಗೆ ಇಟ್ಟಳು. ಆ ವಾರವೇ ಗುನಿಲ್ಲಾ ನನಗೆ ಬಾಗಿಲಿನ ಕೀಲಿ ಕೊಟ್ಟರು. ಇವರಿಗೆ ಫೋನ್ ಮಾಡಿ "ರೀ, ನಾನು ಹೋಗಲ್ಲ" ಎಂದೆ. ಅತ್ತ ಕಡೆಯಿಂದ "ನಿಜವಾಗ್ಲೂ?" ಎಂದು ಮೂರು ಸಲ ಕೇಳಿದರು. ಪಾಪ, ಇವರೂ ನಗುನಗುತ್ತಲೇ ಹೆದರಿದ್ದರು ಎಂದು ಆಗ ಗೊತ್ತಾಯಿತು.

ಮಕ್ಕಳ ನಡುವೆ ಬಿದ್ದ ಮೇಲೆ ಭಾಷೆ ತಾನಾಗಿ ಸುರಿಯಿತು. ಮುಂದಿನ ಚಳಿಗಾಲದಲ್ಲಿ ಒಂದು ದಿನ ಹಳೆಯ ಋಣವೆಂದು ಆ ಹೋಟೆಲಿನ ಸಿನಿಮಾವನ್ನೇ ಮತ್ತೆ ತಂದೆ. ಬಾಗಿಲು ಕಾಯುವ ಮೊಸ್ಯೂ ಬಂದರು. "ಯಾರೂ ಬಂದಿಲ್ಲ ಮೇಡಂ." ಒಂದೇ ನೋಟಕ್ಕೆ ಸಾಲು ಓದಿ ಮುಗಿಯಿತು. ಇನ್ನೂ ಹೊತ್ತಿತ್ತು. ಕಣ್ಣೆತ್ತಿದೆ.

ಅಯ್ಯೋ ದೇವರೇ. ಆ ಮುಖ! ಕಾಯುತ್ತಿರುವ ಹೆಂಗಸಿನ ಗಂಡ ಇನ್ನು ಬರುವುದಿಲ್ಲ ಎಂದು ಆ ಬಾಗಿಲಿನವನಿಗೆ ಗೊತ್ತು. ಹೇಳಲಾರ. ಸಂಜೆಸಂಜೆಗೂ ಆ ಒಂದೇ ಮಾತು ಹೇಳಿ, ಅವಳು ಮೆಟ್ಟಿಲು ಹತ್ತುವವರೆಗೆ ಅಳು ನುಂಗಿಕೊಂಡು ನಿಲ್ಲುತ್ತಾನೆ. ಒಂದು ಇಡೀ ಚಳಿಗಾಲ ನಾನು ಅವನನ್ನು ಬರೀ ಒರಟ ಎಂದುಕೊಂಡಿದ್ದೆ. ಇಷ್ಟು ದೊಡ್ಡ ನಟನ ಗದ್ದದ ಕೆಳಗೆ ಕೂತು ನಾನು ಅಕ್ಷರ ಕೂಡಿಸುತ್ತಿದ್ದೆನಲ್ಲ! ಅವತ್ತು ಅತ್ತೆ, ಯಾರಿಗಾಗಿ ಎಂದು ಕೇಳಬೇಡಿ. ಆಮೇಲೆ ಪಾದ್ರಿ, ಕಳ್ಳ, ಕಸಾಯಿ ಎಲ್ಲರನ್ನೂ ಒಬ್ಬೊಬ್ಬರಾಗಿ ವಾಪಸ್ ತಂದು ಮುಖ ನೋಡಿದೆ.

ಇವತ್ತು ಬೆಳಿಗ್ಗೆ ದಾಗಿಸ್‌ಗೆ ಒಬ್ಬ ಹೊಸ ತಾಯಿ ಮಗುವನ್ನು ಬಿಡಲು ಬಂದಿದ್ದಳು. ಬಾಗಲಕೋಟೆಯ ಹುಡುಗಿ, ಬಂದು ತಿಂಗಳಾಗಿದೆಯಂತೆ. ಹೇಗಿದ್ದೀರಿ ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. "ಚೆನ್ನಾಗಿದ್ದೇನೆ. ಥ್ಯಾಂಕ್ಸ್" ಎಂದು ಕಲಿತ ಸ್ವೀಡಿಷಿನಲ್ಲಿ ತಪ್ಪಿಲ್ಲದೆ ಹೇಳಿದಳು. ಕೇಳಿದವರು ಸಂತೋಷಪಟ್ಟು ಒಳಗೆ ಹೋದರು. ನಾನು ಅವಳ ಮುಖ ನೋಡಿದೆ.

"ಬಾರವ್ವಾ, ಇಲ್ಲಿ ಕೂಡು" ಎಂದೆ.

ಮಕ್ಕಳ ಒದ್ದೆ ಕೋಟುಗಳ ಕೆಳಗೆ, ಬೂಟು ಹಾಕಿಕೊಳ್ಳುವ ಆ ಕುಳ್ಳ ಬೆಂಚಿನ ಮೇಲೆ ಕೂತವಳು ಒಮ್ಮೆಲೇ ಅಳತೊಡಗಿದಳು. ಮಕ್ಕಳನ್ನು ಅಂಗಳಕ್ಕೆ ಬಿಡುವ ಹೊತ್ತು ಮೀರುತ್ತಿತ್ತು, ಒಳಗಿನಿಂದ ಯಾರೋ ನನ್ನನ್ನು ಕೂಗಿದರು. ಬರುತ್ತೇನೆ, ಸ್ವಲ್ಪ ತಡವಾಗುತ್ತದೆ ಎಂದು ಕೂಗಿ ಹೇಳಿ, ಅವಳ ಪಕ್ಕದಲ್ಲೇ ಕೂತೆ.